ಎಂಟು ಜನರ ಹುಟ್ಟುಹಬ್ಬದ ಊಟ ಮುಗಿಸಿ ಬಂದೆ, ಯಾರ ಸುದ್ದಿಯೂ ತಿಳಿಯಲಿಲ್ಲ

ಮೂರನೇ ಬೆಂಚು
ಭಾನುವಾರ, ರಾತ್ರಿ 11:20

ನಿನ್ನೆ ನನಗೆ ನಲವತ್ತೆರಡು ತುಂಬಿತು. ಕಾಲೇಜಿನ ದಿನಗಳಿಂದ ಜೊತೆಗಿರುವ ಏಳು ಗೆಳತಿಯರನ್ನು ಊಟಕ್ಕೆ ಕರೆದಿದ್ದೆ. ಏಳೂ ಜನ ಬಂದರು. ನಾವು ಎಂಟು ಮಂದಿ ಒಂದೇ ಮೇಜಿಗೆ ಕುಳಿತದ್ದು ಆರು ವರ್ಷಗಳಲ್ಲಿ ಇದೇ ಮೊದಲು. ಊಟ ಚೆನ್ನಾಗಿತ್ತು, ಫೋಟೊಗಳೂ ಚೆನ್ನಾಗಿ ಬಂದಿವೆ, ನಕ್ಕು ನಕ್ಕು ಹೊಟ್ಟೆ ನೋವು ಬಂದಿತ್ತು.

ಇಂದು ಬೆಳಿಗ್ಗೆ ಅವರಲ್ಲೊಬ್ಬಳು ಫೋನ್ ಮಾಡಿ, ಮೇಜಿನ ತುದಿಯಲ್ಲಿ ಕುಳಿತಿದ್ದ ಗೆಳತಿ ಮೂರು ತಿಂಗಳಿಂದ ಕೆಲಸವಿಲ್ಲದೆ ಇದ್ದಾಳೆ ಎಂದು ಹೇಳಿದಳು. ಎರಡೂವರೆ ಗಂಟೆ ಒಂದೇ ಮೇಜಿನಲ್ಲಿ ಕುಳಿತಿದ್ದೆವು. ನಾನು ಅವಳನ್ನು "ಹೇಗಿದ್ದೀಯಾ?" ಎಂದು ಕೇಳಿದ್ದೆ, ಅವಳು "ಚೆನ್ನಾಗಿದ್ದೇನೆ" ಎಂದಿದ್ದಳು, ಅಷ್ಟರಲ್ಲಿ ಈಚೆ ಬದಿಯಿಂದ ಯಾರೋ ಕರೆದರು, ನಾನು ತಿರುಗಿಬಿಟ್ಟೆ. ಮತ್ತೆ ಅತ್ತ ನೋಡಿದ್ದು ಬಿಲ್ ಬಂದಾಗ. ಬಿಲ್ಲನ್ನು ಎಂಟು ಪಾಲು ಮಾಡಿದೆವು. ಅವಳು ತನ್ನ ಪಾಲನ್ನು ಎಲ್ಲರಿಗಿಂತ ಮೊದಲು ಕೊಟ್ಟಳು. ಬೆಳಿಗ್ಗೆಯಿಂದ ಆ ದೃಶ್ಯವೇ ಕಣ್ಣ ಮುಂದೆ ಬರುತ್ತಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಹುಟ್ಟುಹಬ್ಬದ ಊಟ ಎಂದರೆ ಎಷ್ಟು ಜನರನ್ನು ಕರೆಯುತ್ತೀರಿ? ದುಡ್ಡಿನ ವಿಷಯವನ್ನು ಹೇಗೆ ನಿಭಾಯಿಸುತ್ತೀರಿ? ಎಲ್ಲಕ್ಕಿಂತ ಹೆಚ್ಚಾಗಿ, ದಿನನಿತ್ಯದ ಸಣ್ಣ ಸುದ್ದಿಗಳು ನಿಮ್ಮ ಗೆಳೆಯರಿಂದ ನಿಮಗೆ ಹೇಗೆ ತಲುಪುತ್ತವೆ? ಅವಳ ಪಾಲಿನ ದುಡ್ಡನ್ನು ಹಿಂದಿರುಗಿಸಬೇಕೆಂದು ಮನಸ್ಸು ಹೇಳುತ್ತಿದೆ. ಅದು ಸರಿಯೇ?

ಎಡಗಿವಿ
ಭಾನುವಾರ, ರಾತ್ರಿ 11:52

ಮೊದಲ ಪ್ರಶ್ನೆಗೆ ಉತ್ತರ: ನಾಲ್ಕು. ನಿಮ್ಮನ್ನೂ ಸೇರಿಸಿ.

ನನಗೆ ಎಡಗಿವಿ ಮಂದ. ಹಾಗಾಗಿ ಮೇಜಿನ ಸುತ್ತ ಮಾತು ಹೇಗೆ ಹರಿಯುತ್ತದೆ ಎಂಬುದನ್ನು ಬಹಳ ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. ಐದನೆಯವರು ಬಂದು ಕುಳಿತ ಸ್ವಲ್ಪ ಹೊತ್ತಿಗೆ ಒಂದು ಮಾತು ಎರಡಾಗಿ ಒಡೆಯುತ್ತದೆ. ಎಂಟು ಜನರಿದ್ದರೆ ಮೂರು ತುಂಡು. ತುದಿಯಲ್ಲಿ ಕುಳಿತವರಿಗೆ ಯಾವ ತುಂಡೂ ಪೂರ್ತಿ ಸಿಗುವುದಿಲ್ಲ. ಇದು ನನ್ನ ಕಿವಿಯ ದೋಷವೆಂದೇ ತಿಳಿದಿದ್ದೆ. ಆಮೇಲೆ ರಾಬಿನ್ ಡನ್‌ಬಾರ್ ಎಂಬ ಮನಶ್ಶಾಸ್ತ್ರಜ್ಞರ ತಂಡ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಜನರು ತಾವಾಗಿಯೇ ಸೇರಿಕೊಂಡು ಮಾತಾಡುವ ಗುಂಪುಗಳನ್ನು ಅವರು ಎಣಿಸಿದ್ದರು. ಒಂದೇ ಮಾತುಕತೆ ನಾಲ್ಕು ಜನರ ಆಚೆ ಹೋಗುವುದು ಅಪರೂಪ ಎಂಬುದು ಅವರಿಗೆ ಕಂಡದ್ದು. ಕಿವಿ ಚೆನ್ನಾಗಿರುವವರಿಗೂ ಇದೇ ಮಿತಿ ಎಂದು ತಿಳಿದಾಗ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ.

ಗದ್ದಲದ ವಿಷಯ ಬೇರೆಯೇ ಇದೆ. ಸುತ್ತ ಸದ್ದು ಹೆಚ್ಚಿದರೆ ನಮ್ಮ ದನಿ ನಮಗೆ ತಿಳಿಯದಂತೆಯೇ ಏರುತ್ತದೆ. ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದನ್ನು ವಿವರಿಸಿ ಬರೆದರು, ಅವರ ಹೆಸರಿನಲ್ಲೇ ಇದನ್ನು ಲೊಂಬಾರ್ ಪರಿಣಾಮ ಎನ್ನುತ್ತಾರೆ. ಒಂದು ಮೇಜಿನವರು ದನಿ ಏರಿಸುತ್ತಾರೆ, ಪಕ್ಕದ ಮೇಜಿನವರು ಅದಕ್ಕಿಂತ ಏರಿಸುತ್ತಾರೆ, ಕೊನೆಗೆ ಇಡೀ ಕೋಣೆಯೇ ಕೂಗುತ್ತಿರುತ್ತದೆ. ನಗು, ಕಥೆ, ಶುಭಾಶಯಗಳನ್ನು ಕೂಗಿ ಹೇಳಬಹುದು. "ನನ್ನ ಕೆಲಸ ಹೋಯಿತು" ಎಂಬ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ?

ಹಾಗಾಗಿ ಮೂಲೆಯ ಮೇಜು, ಬೆನ್ನಿಗೆ ಗೋಡೆ, ಮುಖದ ಮೇಲೆ ಬೆಳಕು, ಜನ ಕಿಕ್ಕಿರಿಯುವ ಮೊದಲಿನ ಹೊತ್ತು. ಉದ್ದನೆಯ ಮೇಜು ಬೇಡ. ದುಂಡು ಮೇಜು ಸಿಕ್ಕರೆ ಬಿಡಬೇಡಿ.

ಲೆಕ್ಕದ ಪುಸ್ತಕ
ಸೋಮವಾರ, ಬೆಳಿಗ್ಗೆ 7:05

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಸಮಪಾಲು ಎಂಬುದು ನ್ಯಾಯದಂತೆ ಕಾಣುತ್ತದೆ, ಆದರೆ ಅದು ಕಡಿಮೆ ಇರುವವರ ಮೇಲೆ ಹೆಚ್ಚು ಭಾರ ಹಾಕುವ ಲೆಕ್ಕ. ಊರಿ ನೀಜಿ ಎಂಬ ಅರ್ಥಶಾಸ್ತ್ರಜ್ಞರೂ ಅವರ ಜೊತೆಗಾರರೂ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದೆ. ಪರಸ್ಪರ ಪರಿಚಯವಿಲ್ಲದ ಆರಾರು ಜನರನ್ನು ಊಟಕ್ಕೆ ಕೂರಿಸಿ, ಕೆಲವು ಮೇಜುಗಳಲ್ಲಿ ಅವರವರ ಊಟಕ್ಕೆ ಅವರವರೇ ಕೊಡುವಂತೆ, ಕೆಲವು ಮೇಜುಗಳಲ್ಲಿ ಸಮನಾಗಿ ಹಂಚಿಕೊಳ್ಳುವಂತೆ ಹೇಳಿದರು. ಹಂಚಿಕೊಂಡವರು ಹೆಚ್ಚು ಖರ್ಚಿನ ಊಟ ತರಿಸಿಕೊಂಡರು. ಆದರೂ ಯಾವ ಪದ್ಧತಿ ಇಷ್ಟ ಎಂದು ಕೇಳಿದಾಗ ಹೆಚ್ಚಿನವರು ಹೇಳಿದ್ದು "ನನ್ನದು ನಾನೇ ಕೊಡುತ್ತೇನೆ" ಎಂದೇ.

ಗೆಳೆಯರ ನಡುವೆ ಇಷ್ಟು ಸ್ವಾರ್ಥ ಇರುವುದಿಲ್ಲ ಎಂದು ನಂಬುತ್ತೇನೆ. ಆದರೆ ಗೆಳೆಯರ ನಡುವೆ ಇನ್ನೊಂದು ತೊಡಕು ಇದೆ, ಅದು ಸಂಕೋಚ. ಕಡಿಮೆ ತಿಂದವರು, ಮದ್ಯ ಮುಟ್ಟದವರು, ತಡವಾಗಿ ಬಂದವರು ಯಾರೂ "ನನ್ನ ಪಾಲು ಕಡಿಮೆ ಮಾಡಿ" ಎನ್ನುವುದಿಲ್ಲ. ಅದನ್ನು ಹೇಳುವ ಹೊಣೆ ಕರೆದವರದು, ಮತ್ತು ಹೇಳಬೇಕಾದದ್ದು ಕರೆಯುವಾಗಲೇ. "ನನ್ನ ಹುಟ್ಟುಹಬ್ಬ, ಊಟ ನನ್ನ ಲೆಕ್ಕ" ಎನ್ನಿ. ಅದಕ್ಕೆ ಶಕ್ತಿ ಇಲ್ಲದಿದ್ದರೆ ಮನೆಯಲ್ಲೇ ಮಾಡಿ, ಇಲ್ಲವೇ ಊಟ ಬಿಟ್ಟು ಒಂದು ಸಂಜೆಯ ನಡಿಗೆಗೆ ಕರೆಯಿರಿ. ಎಂಟು ಜನರನ್ನು ಸಾಕುವ ಶಕ್ತಿ ಇಲ್ಲವೆಂದರೆ ಮೂವರನ್ನು ಕರೆಯಿರಿ. ಇದು ಎಡಗಿವಿಯವರ ಲೆಕ್ಕಕ್ಕೂ ಸರಿಹೊಂದುತ್ತದೆ.

ನಿಮ್ಮ ಗೆಳತಿಯ ದುಡ್ಡನ್ನು ಇಂದೇ ಹಿಂದಿರುಗಿಸಿ.

ಖಾಲಿ ಕುರ್ಚಿ
ಸೋಮವಾರ, ಮಧ್ಯಾಹ್ನ 1:40

ದಯವಿಟ್ಟು ಹಿಂದಿರುಗಿಸಬೇಡಿ.

ಎರಡು ವರ್ಷಗಳ ಹಿಂದೆ ಮೇಜಿನ ತುದಿಯಲ್ಲಿ ಕುಳಿತವಳು ನಾನೇ ಆಗಿದ್ದೆ. ಗುಂಪು ಬೇರೆ, ಹುಟ್ಟುಹಬ್ಬ ಬೇರೆ, ಉಳಿದದ್ದೆಲ್ಲ ಒಂದೇ. ನಾನೂ ನನ್ನ ಪಾಲನ್ನು ಎಲ್ಲರಿಗಿಂತ ಮೊದಲು ಕೊಟ್ಟಿದ್ದೆ. ಅದು ಆ ಸಂಜೆ ನಾನು ತಲೆಯೆತ್ತಿ ಮಾಡಿದ ಒಂದೇ ಕೆಲಸ. ಮರುದಿನ ಆ ದುಡ್ಡು ಹಿಂದಿರುಗಿ ಬಂದಿದ್ದರೆ, ನನ್ನ ಬೆನ್ನ ಹಿಂದೆ ಎಲ್ಲರೂ ನನ್ನ ಬಗ್ಗೆ ಮಾತಾಡಿಕೊಂಡಿದ್ದಾರೆ ಎಂದು ತಿಳಿದು ನೆಲಕ್ಕಿಳಿಯುತ್ತಿದ್ದೆ. ಲೆಕ್ಕದ ಪುಸ್ತಕದವರೇ, ನಿಮ್ಮ ಮಾತು ಕರೆಯುವ ಮೊದಲಿಗೆ ಪೂರ್ತಿ ಸರಿ. ಊಟ ಮುಗಿದ ಮೇಲೆ ಅಲ್ಲ.

ಕೆಲಸವಿಲ್ಲದ ದಿನಗಳಲ್ಲಿ ಊಟದ ಮೇಜು ಹೇಗಿರುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಇದನ್ನು ಹೇಳುವವರು ಕಡಿಮೆ. ಹೋಗುವ ಮೊದಲು ಕನ್ನಡಿಯ ಮುಂದೆ ನಿಂತು "ಈಗ ಎಲ್ಲಿದ್ದೀಯಾ, ಏನು ಮಾಡುತ್ತಿದ್ದೀಯಾ?" ಎಂಬ ಪ್ರಶ್ನೆಗೆ ಉತ್ತರ ಅಭ್ಯಾಸ ಮಾಡಿಕೊಂಡು ಹೋಗುತ್ತೇವೆ. ಅಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೇಳಲಿಲ್ಲವಲ್ಲ ಎಂದು ಒಂದು ಕ್ಷಣ ಹಗುರವಾಗುತ್ತದೆ, ಮರುಕ್ಷಣ ಅದೇ ನೋವಾಗುತ್ತದೆ. ಒಬ್ಬರು ಬಡ್ತಿಯ ಸುದ್ದಿ ಹೇಳುತ್ತಾರೆ, ಇನ್ನೊಬ್ಬರು ಮನೆ ಕೊಂಡ ಸುದ್ದಿ. ಹುಟ್ಟುಹಬ್ಬದ ದಿನ ನಮ್ಮ ಸುದ್ದಿ ಹೇಳಿ ಮೇಜಿನ ಬೆಳಕು ಆರಿಸಬಾರದು ಎಂದುಕೊಂಡು ನಗುತ್ತೇವೆ. ಆ ನಗು ಸುಳ್ಳಲ್ಲ. ಗೆಳತಿಯ ಸಂತೋಷ ನೋಡಿ ನಿಜವಾಗಿಯೂ ಸಂತೋಷವಾಗಿರುತ್ತದೆ. ಎರಡೂ ಒಟ್ಟಿಗೇ ಇರುತ್ತವೆ.

ಆ ಊಟದ ನಂತರ ನಾನು ನಿಧಾನವಾಗಿ ಆ ಗುಂಪಿನಿಂದ ಮಾಯವಾದೆ. ಮುಂದಿನ ಕರೆಗೆ "ಆಗುವುದಿಲ್ಲ" ಎಂದೆ, ಅದರ ಮುಂದಿನದಕ್ಕೆ ಉತ್ತರ ಕೊಡಲಿಲ್ಲ. ಈಗ ಕೆಲಸ ಸಿಕ್ಕಿದೆ. ಆದರೂ ಹಿಂದಿರುಗುವ ದಾರಿ ತೋಚುತ್ತಿಲ್ಲ.

ಆ ಕಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಮನೆಯ ಒಬ್ಬ ಹಿರಿಯರು. ಅವರು ಎಂದೂ "ಕೆಲಸ ಸಿಕ್ಕಿತೇ?" ಎಂದು ಕೇಳಲಿಲ್ಲ. "ನಿನ್ನೆ ರಾತ್ರಿ ನಿದ್ದೆ ಬಂತೇ?", "ಆ ಪುಸ್ತಕ ಎಲ್ಲಿಗೆ ಬಂತು?", "ಇಂದು ಬೆಳಿಗ್ಗೆ ನಡೆಯಲು ಹೋದೆಯಾ?" ಎಂದು ಕೇಳುತ್ತಿದ್ದರು. ಉತ್ತರ ಕೊಡಬಲ್ಲ ಪ್ರಶ್ನೆಗಳು. ಮೂರನೇ ಬೆಂಚಿನವರೇ, ಅಂಥ ಒಂದು ಪ್ರಶ್ನೆ ಹಿಡಿದುಕೊಂಡು ಅವಳ ಬಳಿಗೆ ಹೋಗಿ. ದುಡ್ಡು ಹಿಡಿದುಕೊಂಡಲ್ಲ.

ಲೆಕ್ಕದ ಪುಸ್ತಕ
ಸೋಮವಾರ, ಮಧ್ಯಾಹ್ನ 2:15

ಖಾಲಿ ಕುರ್ಚಿಯವರೇ, ನನ್ನ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ನಾನು ದುಡ್ಡನ್ನಷ್ಟೇ ನೋಡಿದ್ದೆ.

ಹೊಸ ಊರು
ಸೋಮವಾರ, ಸಂಜೆ 6:30

ಎಂಟು ಜನ ಗೆಳತಿಯರು ಎಂದು ಓದಿಯೇ ಮನಸ್ಸು ತುಂಬಿತು. ನಾನು ಕೆಲಸಕ್ಕಾಗಿ ಬೇರೆ ಊರಿಗೆ ಬಂದು ಐದು ತಿಂಗಳಾಯಿತು. ಕಳೆದ ತಿಂಗಳ ಹುಟ್ಟುಹಬ್ಬದಂದು ಕಚೇರಿಯ ಇಬ್ಬರ ಜೊತೆ ಊಟ ಮಾಡಿದೆ. ಒಳ್ಳೆಯವರು. ಆದರೆ ಇಬ್ಬರಿಗೂ ನನ್ನ ಬಗ್ಗೆ ಏನೂ ಗೊತ್ತಿಲ್ಲ, ನನಗೂ ಅವರ ಬಗ್ಗೆ ಗೊತ್ತಿಲ್ಲ.

ಜೆಫ್ರಿ ಹಾಲ್ ಎಂಬ ಸಂವಹನ ಶಾಸ್ತ್ರಜ್ಞರ 2018ರ ಅಧ್ಯಯನವೊಂದು ನನಗೆ ಧೈರ್ಯ ಕೊಟ್ಟಿದೆ. ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರಾಗಲು ಸುಮಾರು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಗೆ ಕಳೆಯಬೇಕಾಗುತ್ತದೆ ಎಂಬ ಅಂದಾಜು ಅದರಲ್ಲಿದೆ. ಒಂದೇ ಕಡೆ ಕೆಲಸ ಮಾಡುವ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ, ಬಿಡುವಿನಲ್ಲಿ ಕೂಡಿ ಕಳೆದ ಹೊತ್ತೇ ಮುಖ್ಯ. ಹಾಗಾಗಿ ವಾರಕ್ಕೊಮ್ಮೆ ಅವರಿಬ್ಬರ ಜೊತೆ ಸಂಜೆ ನಡೆಯಲು ಶುರು ಮಾಡಿದ್ದೇನೆ. ಇಲ್ಲಿಯವರೆಗೆ ಒಂಬತ್ತು ಗಂಟೆಗಳಾಗಿರಬಹುದು.

ನಾಲ್ಕು ವರ್ಷಕ್ಕೊಮ್ಮೆ
ಸೋಮವಾರ, ರಾತ್ರಿ 9:10

ನಾನು ಹುಟ್ಟಿದ್ದು ಫೆಬ್ರವರಿ 29ರಂದು. 2024ರಲ್ಲಿ ನಿಜವಾದ ದಿನ ಬಂದಿತ್ತು, ಇನ್ನು 2028ಕ್ಕೆ. ಉಳಿದ ವರ್ಷಗಳಲ್ಲಿ 28ಕ್ಕೋ ಮಾರ್ಚ್ 1ಕ್ಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ನಡೆದೇ ಇದೆ.

ಇದರಿಂದ ನನಗೊಂದು ಲಾಭವಾಗಿದೆ. ನನ್ನ ಊಟಕ್ಕೆ ದಿನಾಂಕದ ಹಂಗಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಬ್ಬೊಬ್ಬ ಗೆಳೆಯನ ಜೊತೆ ಬೇರೆ ಬೇರೆಯಾಗಿ ಒಂದೊಂದು ಊಟ ಮಾಡುತ್ತೇನೆ. ಎಲ್ಲವೂ ಹುಟ್ಟುಹಬ್ಬದ ಊಟಗಳೇ. ಒಬ್ಬನೇ ಎದುರಿಗೆ ಕುಳಿತಾಗ ಸುದ್ದಿ ಬಚ್ಚಿಡುವುದು ಕಷ್ಟ, ಕೇಳದೆ ತಿರುಗಿಬಿಡುವುದು ಇನ್ನೂ ಕಷ್ಟ. ಮೂರನೇ ಬೆಂಚಿನವರಿಗೆ ಏಳು ಗೆಳತಿಯರು, ವರ್ಷಕ್ಕೆ ಹನ್ನೆರಡು ತಿಂಗಳು. ಒಂದೇ ಸಂಜೆಗೆ ಎಲ್ಲರನ್ನೂ ಏಕೆ ತುಂಬಬೇಕು?

ರಾತ್ರಿ ಪಾಳಿ
ಮಂಗಳವಾರ, ಬೆಳಿಗ್ಗೆ 6:25

ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತು ಓದಿದೆ. ಎಲ್ಲರೂ ದೊಡ್ಡ ಊಟವನ್ನು ದೂರುತ್ತಿದ್ದೀರಿ. ನಾನು ಅದರ ಪರವಾಗಿ ಮಾತಾಡುತ್ತೇನೆ.

ನಾನು ನರ್ಸ್. ತಿಂಗಳ ಅರ್ಧ ರಾತ್ರಿಗಳಲ್ಲಿ ಎದ್ದಿರುತ್ತೇನೆ, ಹಗಲಲ್ಲಿ ಮಲಗಿರುತ್ತೇನೆ. ಒಬ್ಬೊಬ್ಬರನ್ನೇ ಭೇಟಿಯಾಗುವ ಪುರುಸೊತ್ತು ನನಗಿಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಹತ್ತು ಜನ ಸೇರುವ ಗದ್ದಲದ ಊಟವೇ ನನ್ನನ್ನು ಆ ಹತ್ತು ಜನರಿಗೆ ಕಟ್ಟಿಹಾಕಿದ ಹಗ್ಗ. ಅಲ್ಲಿ ಯಾರ ಗುಟ್ಟೂ ಹೊರಬರುವುದಿಲ್ಲ, ನಿಜ. ಆದರೆ ಯಾರು ಸೊರಗಿದ್ದಾರೆ, ಯಾರು ಎರಡು ಬಾರಿ ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದರು, ಯಾರು ಎಂದಿಗಿಂತ ಜೋರಾಗಿ ನಕ್ಕರು, ಇವೆಲ್ಲ ಕಾಣುತ್ತವೆ. ಮರುದಿನ ಸಂದೇಶ ಕಳಿಸುತ್ತೇನೆ: "ನಿನ್ನೆ ಸುಸ್ತಾದಂತೆ ಕಂಡೆ. ಮನೆಯಲ್ಲಿ ಎಲ್ಲ ಸರಿಯೇ?" ನಿಜವಾದ ಮಾತು ಶುರುವಾಗುವುದು ಆಮೇಲೆ. ಮೂರನೇ ಬೆಂಚಿನವರು ಊಟದಲ್ಲಿ ತಪ್ಪಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರ ಮರುದಿನ ಇನ್ನೂ ಮುಗಿದಿಲ್ಲ.

ಸಣ್ಣ ಸುದ್ದಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಮೊಬೈಲ್ ಗುಂಪಿನಲ್ಲಿ ಒಬ್ಬಳು ಕಳೆದ ವಾರ "ಕೊನೆಗೂ ಈಜು ಕಲಿತೆ" ಎಂದು ಬರೆದಳು. ಒಂಬತ್ತು ಹೆಬ್ಬೆರಳುಗಳು ಬಂದವು. ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ. ಈಜಲು ಹೆದರುತ್ತಿದ್ದವಳು ಅವಳು! ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ 2004ರಲ್ಲಿ, ಜೋಡಿಗಳು ಒಬ್ಬರ ಒಳ್ಳೆಯ ಸುದ್ದಿಗೆ ಇನ್ನೊಬ್ಬರು ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಉತ್ಸಾಹದಿಂದ ಕೇಳುತ್ತಾ ಮಾತು ಮುಂದುವರಿಸುವುದು, ಮೌನವಾಗಿ ಮೆಚ್ಚುವುದು, ಕೊಂಕು ಹುಡುಕುವುದು, ಕಿವಿಗೇ ಹಾಕಿಕೊಳ್ಳದಿರುವುದು. ಮೊದಲನೆಯದು ಇದ್ದ ಕಡೆ ಮಾತ್ರ ಸಂಬಂಧಗಳು ಚೆನ್ನಾಗಿದ್ದವು. ಮೌನವಾಗಿ ಮೆಚ್ಚುವುದು ಕೂಡ ಸಾಕಾಗಲಿಲ್ಲ. ಹೆಬ್ಬೆರಳು ಎಂದರೆ ಅದೇ, ಮೌನ ಮೆಚ್ಚುಗೆ. ನಾನು ಅವಳಿಗೆ "ಮೊದಲ ಬಾರಿ ಕಾಲು ನೆಲಕ್ಕೆ ತಾಗದಿದ್ದಾಗ ಏನನ್ನಿಸಿತು?" ಎಂದು ಬರೆದೆ. ಅರ್ಧ ಗಂಟೆ ಮಾತಾಡಿದಳು.

ಖಾಲಿ ಕುರ್ಚಿಯವರೇ, ನಿಮಗೊಂದು ವಿಷಯ. ಬಹಳ ದಿನ ಸಂಪರ್ಕವಿಲ್ಲದ ಗೆಳೆಯರಿಗೆ ಒಂದು ಸಣ್ಣ ಸಂದೇಶ ಕಳಿಸಿದರೆ ಅವರಿಗೆ ಎಷ್ಟು ಹಿತವಾಗುತ್ತದೆ ಎಂಬುದನ್ನು ಕಳಿಸುವವರು ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. ಸಂದೇಶ ಅನಿರೀಕ್ಷಿತವಾದಷ್ಟೂ ಆ ಹಿತ ಹೆಚ್ಚಂತೆ. ಎರಡು ವರ್ಷ ಮೌನವಾಗಿದ್ದವರಿಗಿಂತ ಅನಿರೀಕ್ಷಿತ ಯಾರಿದ್ದಾರೆ? ದಾರಿ ತೋಚುತ್ತಿಲ್ಲ ಎಂದಿರಿ. ಎರಡು ಸಾಲು ಸಾಕು. ವಿವರಣೆ ಬೇಡ, ಕ್ಷಮೆಯೂ ಬೇಡ.

ಹಳೆಯ ಅಂಚೆ
ಮಂಗಳವಾರ, ಬೆಳಿಗ್ಗೆ 10:00

ನಾನು ಅರವತ್ತೊಂಬತ್ತರವನು. ನಾವು ನಾಲ್ವರು ಗೆಳೆಯರು ಓದು ಮುಗಿಸಿ ನಾಲ್ಕು ದಿಕ್ಕಿಗೆ ಚದುರಿದಾಗ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ತಿಂಗಳಿಗೊಂದು ಪತ್ರ, ದೊಡ್ಡ ಸುದ್ದಿ ಇರಲಿ ಇಲ್ಲದಿರಲಿ. ದೊಡ್ಡ ಸುದ್ದಿ ಹೇಗಾದರೂ ತಲುಪುತ್ತದೆ, ಅದನ್ನು ಹೊತ್ತು ತರಲು ಜನರಿರುತ್ತಾರೆ. ಸಣ್ಣದನ್ನು ನಾವೇ ಬರೆಯಬೇಕು.

ನಾಲ್ವರಲ್ಲಿ ಒಬ್ಬ ಈಗಿಲ್ಲ. ಅವನ ಪತ್ರಗಳು ಒಂದು ಡಬ್ಬಿಯಲ್ಲಿವೆ. ಅವನ ಮದುವೆಯ, ಮಗಳು ಹುಟ್ಟಿದ, ನಿವೃತ್ತಿಯಾದ ಪತ್ರಗಳನ್ನು ನಾನು ಹೆಚ್ಚು ತೆಗೆಯುವುದಿಲ್ಲ, ಅವೆಲ್ಲ ಬಾಯಿಪಾಠವಾಗಿವೆ. ಮತ್ತೆ ಮತ್ತೆ ಓದುವುದು ಬೇರೆಯವನ್ನು. "ಕಿಟಕಿಯ ಕೊಂಡಿ ಸಡಿಲವಾಗಿತ್ತು, ಇಂದು ನಾನೇ ಸರಿ ಮಾಡಿದೆ, ಎರಡು ಮೊಳೆ ಹಾಳಾದವು." "ಸೈಕಲ್ಲಿನ ಗಂಟೆ ಕಳುವಾಗಿದೆ, ಗಂಟೆಯನ್ನು ಮಾತ್ರ ಕದ್ದವನಿಗೆ ಸೈಕಲ್ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೇನೆ." ಇವನ್ನು ಓದುವಾಗ ಅವನು ಎದುರಿಗೇ ಕುಳಿತಂತೆ ಇರುತ್ತದೆ. ಬರೆಯುವಾಗ ಅವನಿಗೇ ಇವು ಲೆಕ್ಕಕ್ಕೆ ಬಾರದ ಸಾಲುಗಳಾಗಿದ್ದವು.

ಟಿಂಗ್ ಜಾಂಗ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2014ರಲ್ಲಿ ಇಂಥದ್ದನ್ನೇ ಪರೀಕ್ಷಿಸಿದ್ದರು. ವಿದ್ಯಾರ್ಥಿಗಳಿಂದ ಆಗಿನ ಸಾಧಾರಣ ಸಂಗತಿಗಳನ್ನು ಬರೆಯಿಸಿಟ್ಟರು. ಇತ್ತೀಚೆಗೆ ಯಾರ ಜೊತೆ ಏನು ಮಾತಾಡಿದಿರಿ, ಕೊನೆಯ ಬಾರಿ ಯಾವ ಕೂಟಕ್ಕೆ ಹೋಗಿದ್ದಿರಿ, ಹೀಗೆ. ಮೂರು ತಿಂಗಳ ನಂತರ ಅವರ ಕೈಗೇ ಅದನ್ನು ಕೊಟ್ಟರು. ತಾವು ಮೊದಲು ಅಂದುಕೊಂಡಿದ್ದಕ್ಕಿಂತ ಹೆಚ್ಚು ಕುತೂಹಲದಿಂದ, ಹೆಚ್ಚು ಆಸಕ್ತಿಯಿಂದ ಅವರು ಅದನ್ನು ಓದಿದರು. ಮೂರೇ ತಿಂಗಳಲ್ಲಿ ಹಾಗಾದರೆ ನಲವತ್ತು ವರ್ಷಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ನನ್ನ ಡಬ್ಬಿಯೇ ಇದೆ.

ಮಗಳೇ, ನಿನ್ನ ಗೆಳತಿಗೆ ಮೊದಲು ನಿನ್ನ ಸಣ್ಣ ಸುದ್ದಿಯನ್ನು ಬರೆ. ಕೇಳುವುದಕ್ಕಿಂತ ಕೊಡುವುದು ಮೊದಲಾಗಲಿ. ಕೇಳಿದರೆ ಅವಳು ಉತ್ತರ ಹುಡುಕಬೇಕಾಗುತ್ತದೆ. ಕೊಟ್ಟರೆ ಓದಿ ಸುಮ್ಮನಿರುವ ಸ್ವಾತಂತ್ರ್ಯ ಅವಳಿಗಿರುತ್ತದೆ.

ಮೂರನೇ ಬೆಂಚು
ಮಂಗಳವಾರ, ರಾತ್ರಿ 10:45

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ದುಡ್ಡು ಕಳಿಸಲಿಲ್ಲ. ಹಿರಿಯರು ಹೇಳಿದಂತೆ ಮಾಡಿದೆ. ನನ್ನ ಸಣ್ಣ ಸುದ್ದಿ ಏನೆಂದು ಯೋಚಿಸುತ್ತಾ ಕುಳಿತರೆ ಅರ್ಧ ಗಂಟೆ ಏನೂ ಹೊಳೆಯಲಿಲ್ಲ. ಆಮೇಲೆ ಬರೆದೆ: "ಓದುವ ಕನ್ನಡಕ ಬಂದಿದೆ. ಶನಿವಾರ ಚೀಲದಲ್ಲೇ ಇತ್ತು, ನಿಮ್ಮೆಲ್ಲರ ಮುಂದೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಊಟದ ಪಟ್ಟಿ ಓದಲಾಗದೆ ನೀನು ಹೇಳಿದ್ದನ್ನೇ ನಾನೂ ಹೇಳಿದೆ." ಅದು ನಿಜ.

ಒಂದು ಗಂಟೆಯ ನಂತರ ಉತ್ತರ ಬಂತು. "ನನ್ನದು ಕಳೆದ ವರ್ಷವೇ ಬಂದಿದೆ. ನಾನೂ ಓದದೇ ಹೇಳಿದ್ದೆ."

ಮೂರನೇ ಬೆಂಚು
ಮೂರು ವಾರಗಳ ನಂತರ, ಭಾನುವಾರ, ಸಂಜೆ 7:30

ಸುದ್ದಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ ಎಂದು ಬಂದೆ. ಕನ್ನಡಕದ ನಂತರ ದಿನವೂ ಒಂದೊಂದು ಸಾಲು ಬರೆಯುತ್ತಾ ಹೋದೆವು. ಎರಡನೆಯ ವಾರ ಅವಳೇ "ಮನೆಗೆ ಬರಲೇ?" ಎಂದು ಕೇಳಿದಳು. ಇಬ್ಬರೇ ಅಡುಗೆಮನೆಯ ನೆಲದ ಮೇಲೆ ಕುಳಿತು ಊಟ ಮಾಡಿದೆವು. ತಟ್ಟೆ ಎತ್ತುವ ಹೊತ್ತಿಗೆ ಅವಳಾಗಿಯೇ ಕೆಲಸದ ವಿಷಯ ತೆಗೆದಳು. "ನಿನಗೆ ಗೊತ್ತಿದೆ ಎಂದು ನನಗೆ ಗೊತ್ತು" ಎಂದಳು. ನಾನು ಹೌದೆಂದೆ. ಶನಿವಾರದ ಊಟದಲ್ಲಿ ತಿರುಗಿಬಿಟ್ಟದ್ದಕ್ಕೆ ಕ್ಷಮೆ ಕೇಳಿದೆ. ಅವಳಿಗೆ ಅದು ನೆನಪೇ ಇರಲಿಲ್ಲ. ಅವಳಿಗೆ ನೆನಪಿದ್ದದ್ದು ಬೇರೆ. ಹೊರಡುವಾಗ ನಾನು ಅವಳ ಚೀಲದ ಪಟ್ಟಿ ತಿರುಚಿದ್ದನ್ನು ಸರಿಮಾಡಿದ್ದೆನಂತೆ. ನನಗೆ ಅದು ನೆನಪಿಲ್ಲ.

ರಾತ್ರಿ ಪಾಳಿಯವರ ಮಾತನ್ನೂ ಉಳಿಸಿಕೊಂಡಿದ್ದೇನೆ, ದೊಡ್ಡ ಊಟ ನಿಲ್ಲಿಸುವುದಿಲ್ಲ. ಆದರೆ ಮುಂದಿನ ತಿಂಗಳು ಅವಳ ಹುಟ್ಟುಹಬ್ಬ. ನಾಲ್ಕೇ ಜನ, ಅವಳೇ ಆರಿಸಿದವರು. ಮನೆಯಲ್ಲಿ, ನನ್ನ ಲೆಕ್ಕದಲ್ಲಿ. ಇದನ್ನು ಕರೆಯುವಾಗಲೇ ಹೇಳಿದ್ದೇನೆ.

ಹೊಸ ಊರು
ಭಾನುವಾರ, ರಾತ್ರಿ 8:15

ನನ್ನದು ಹದಿನೈದು ಗಂಟೆ ದಾಟಿತು. ಇಬ್ಬರಲ್ಲಿ ಒಬ್ಬರಿಗೆ ಕತ್ತಲೆಂದರೆ ಭಯವಂತೆ, ನಿನ್ನೆ ನಡೆಯುವಾಗ ಹೇಳಿದರು.

ಖಾಲಿ ಕುರ್ಚಿ
ಭಾನುವಾರ, ರಾತ್ರಿ 9:50

ಎರಡು ಸಾಲು ಬರೆದು, ಅಳಿಸಿ, ಹೀಗೆ ಹನ್ನೆರಡು ದಿನ ಕಳೆದೆ. ಇಂದು ಮಧ್ಯಾಹ್ನ ಮೂರನೇ ಬೆಂಚಿನವರ ಕನ್ನಡಕದ ಸಾಲು ನೆನಪಾಗಿ, ಗುಂಪಿನ ಒಬ್ಬಳಿಗೆ ಕಳಿಸಿಯೇ ಬಿಟ್ಟೆ: "ನೀನು ಕೊಟ್ಟಿದ್ದ ಛತ್ರಿ ಇನ್ನೂ ನನ್ನ ಬಳಿ ಇದೆ. ಒಂದು ಕಡ್ಡಿ ಮುರಿದಿದೆ."

ಈಗ ಉತ್ತರ ಬಂದಿದೆ. "ಎಲ್ಲಿದ್ದೆಯೇ ಇಷ್ಟು ದಿನ! ಮುರಿದದ್ದನ್ನೇ ತೆಗೆದುಕೊಂಡು ಬಾ. ಭಾನುವಾರ ಮನೆಯಲ್ಲೇ ಇರುತ್ತೇನೆ."